ಪೂರ್ತಿ ಹಾಜರಿ

ರೋಗದ ಭಯಕ್ಕೆ ಒಂದು ವರ್ಷ ಮುಚ್ಚಿದ್ದ ಶಾಲೆಯನ್ನು ಸೋಮವಾರದಿಂದ ತೆರೆಯಬೇಕು ಎಂಬ ಆದೇಶ ಬಂದದ್ದು ಗುರುವಾರ. ಅದನ್ನು ಬರೆದ ಪುಣ್ಯಾತ್ಮರು ಯಾರೋ, ಮೂವತ್ತೆಂಟು ಮಕ್ಕಳ ನಡುವೆ ಅರ್ಧ ಗಂಟೆಯಾದರೂ ನಿಂತವರೋ ಅಲ್ಲವೋ, ಆ ದೇವರೇ ಬಲ್ಲ. ಮಕ್ಕಳು ಒಂದೊಂದು ಮಾರು ದೂರ ಕೂರಬೇಕಂತೆ, ರಬ್ಬರು ಪೆನ್ಸಿಲ್ಲು ಕೊಟ್ಟು ತೆಗೆದುಕೊಳ್ಳಬಾರದಂತೆ, ಗಟ್ಟಿಯಾಗಿ ಓದಬಾರದಂತೆ. ಎರಡನೇ ತರಗತಿಯ ಮಕ್ಕಳು ಗಟ್ಟಿಯಾಗಿ ಓದದೆ ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುತ್ತಾರೆಯೇ? ಕಾಗದದ ಮೇಲೆ ಏನು ಬೇಕಾದರೂ ಬರೆಯಬಹುದು, ಕಾಗದಕ್ಕೇನು ಜ್ವರ ಬರುವುದಿಲ್ಲವಲ್ಲ.

ಆ ಎರಡನೇ ತರಗತಿಯ ಟೀಚರಿಗೆ ಬೀದಿಯಲ್ಲೆಲ್ಲ ಸಣ್ಣ ಟೀಚರ್ ಎಂದೇ ಹೆಸರು. ವಯಸ್ಸು ನಲವತ್ತೆರಡು, ಸಣ್ಣದೇನಲ್ಲ. ಆದರೆ ಅದೇ ಮನೆಯಲ್ಲಿ ಅವಳ ಅತ್ತೆ ಇದ್ದರು, ಅದೇ ಶಾಲೆಯಲ್ಲಿ ಮೂವತ್ತಮೂರು ವರ್ಷ ಪಾಠ ಮಾಡಿ ನಿವೃತ್ತರಾದವರು. ಅವರು ದೊಡ್ಡ ಟೀಚರ್. ಅತ್ತೆಯ ಒಬ್ಬನೇ ಮಗ, ಎಂದರೆ ಇವಳ ಗಂಡ, ತೀರಿಕೊಂಡು ಏಳು ವರ್ಷವಾಗಿತ್ತು. ಮಕ್ಕಳಿಲ್ಲ. ಇನ್ನು ತವರಿಗೆ ಹೋಗಿಬಿಡು ಎಂದು ಜನ ಬುದ್ಧಿ ಹೇಳಿದಾಗ, ಈ ಮುದುಕಿಯ ಬಾಯಿಗೆ ಎದುರು ಉತ್ತರ ಕೊಡುವುದಕ್ಕೆ ಬೇರೆ ಯಾರಿದ್ದಾರೆ ಎಂದು ಇವಳು ಉಳಿದುಕೊಂಡಳು. ಅವರೂ ಅಷ್ಟೇ, ಉಪ್ಪು ಸಾಲದು ಎಂದು ದಿನಾ ಗೊಣಗುವರು, ದಿನಾ ಎರಡನೇ ಸಲ ಬಡಿಸಿಕೊಳ್ಳುವರು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವ ಜನಕ್ಕೆ ಇವರಿಬ್ಬರ ಲೆಕ್ಕ ಹತ್ತುತ್ತಿರಲಿಲ್ಲ.

ದೊಡ್ಡ ಟೀಚರ ಎದೆ ಮಾತ್ರ ಗಟ್ಟಿಯಿರಲಿಲ್ಲ. ಹಿಂದೊಮ್ಮೆ ಬಂದ ಕಾಯಿಲೆಯಲ್ಲಿ ಒಂದು ಶ್ವಾಸಕೋಶ ಸುಕ್ಕಿಹೋಗಿ, ಉಳಿದದ್ದು ಎರಡರ ಕೆಲಸ ಮಾಡುತ್ತಿತ್ತು. ರೋಗ ಊರಿಗೆ ಕಾಲಿಟ್ಟ ಹೊಸತರಲ್ಲಿ ಡಾಕ್ಟರು ಸೊಸೆಯನ್ನು ಪಕ್ಕಕ್ಕೆ ಕರೆದು, ಇದು ಇವರಿಗೆ ಬಂದರೆ ಉಳಿಸಿಕೊಡುತ್ತೇನೆ ಎಂದು ನಾನು ಮಾತು ಕೊಡಲಾರೆ ಎಂದಿದ್ದರು. ಅಂದಿನಿಂದ ಸಣ್ಣ ಟೀಚರಿಗೆ ಇದ್ದದ್ದು ಒಂದೇ ಭಯ. ತನಗೆ ಬಂದರೆ ಬರಲಿ, ತನ್ನಿಂದ ಅತ್ತೆಗೆ ಹೋಗಬಾರದು.

ಶುಕ್ರವಾರ ಶಿಕ್ಷಕರ ಕೋಣೆಯಲ್ಲಿ ಸಭೆ ನಡೆಯಿತು. ಹನ್ನೊಂದು ಜನ, ಒಂದು ಫ್ಯಾನು. ಗಣಿತದ ಮೇಷ್ಟ್ರು ಬೆಳಿಗ್ಗೆಯೇ ಟೇಪು ಹಿಡಿದು ಕೋಣೆಗಳನ್ನೆಲ್ಲ ಅಳೆದಿದ್ದರು. ಆದೇಶದಂತೆ ಕೂರಿಸಿದರೆ ಒಂದು ಕೋಣೆಗೆ ಹದಿನಾಲ್ಕು ಮಕ್ಕಳು, ಮಿಕ್ಕವರನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಕು ಎಂದರು. ಯಾರೂ ಹೆಚ್ಚು ನಗಲಿಲ್ಲ. ಕಿಟಕಿಗಳಿಗೆ ಬಣ್ಣ ಬಳಿದವರು ರೆಕ್ಕೆಯನ್ನೂ ಚೌಕಟ್ಟನ್ನೂ ಸೇರಿಸಿ ಬಳಿದಿದ್ದರಿಂದ ಅರ್ಧಕ್ಕರ್ಧ ತೆರೆಯುತ್ತಲೇ ಇರಲಿಲ್ಲ. ಕೈ ತೊಳೆಯಲು ಎರಡು ನಲ್ಲಿ, ಅದರಲ್ಲಿ ಒಂದು ಬರೀ ತೊಟ್ಟಿಕ್ಕುತ್ತಿತ್ತು. ಒಂದನೇ ತರಗತಿಯ ಟೀಚರಿಗೆ ಆರು ತಿಂಗಳು ತುಂಬಿತ್ತು, ಅವಳು ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಡ್ರಾಯಿಂಗ್ ಮೇಷ್ಟ್ರ ಅಣ್ಣ ಹೋದ ತಿಂಗಳಷ್ಟೇ ಇದೇ ರೋಗದಲ್ಲಿ ಹೋಗಿದ್ದರು.

ಅರ್ಧರ್ಧ ಮಕ್ಕಳನ್ನು ದಿನ ಬಿಟ್ಟು ದಿನ ಕರೆಸೋಣ ಎಂದು ಎಲ್ಲರೂ ಹೇಳಿದರು. ಅದನ್ನು ಮೇಲಿನವರಿಗೆ ಹೇಳುವವರು ಯಾರು ಎಂದಾಗ ಎಲ್ಲರೂ ಹೆಡ್ ಮೇಷ್ಟ್ರ ಮುಖ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ. ಅವರು ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ ಅಷ್ಟೆ. ಈಗಾಗಲೇ ಕೇಳಿದ್ದೇನೆ, ಆಗಲ್ಲ ಎಂದಿದ್ದಾರೆ ಎಂದರು. ಸಣ್ಣ ಟೀಚರ್ ಎದ್ದು ನಿಂತು ಅತ್ತೆಯ ವಿಷಯ ಹೇಳಿ, ತನಗೆ ಮನೆಯಿಂದಲೇ ಫೋನಿನಲ್ಲಿ ಪಾಠ ಮಾಡಲು ಬಿಡಿ ಎಂದು ಕೇಳಿಕೊಂಡಳು.

"ಎಲ್ಲರ ಮನೇಲೂ ಯಾರೋ ಒಬ್ಬರು ಇದಾರಮ್ಮ," ಎಂದರು ಹೆಡ್ ಮೇಷ್ಟ್ರು. "ನಾನು ಯಾರಿಗೆ ಅಂತ ಹೂಂ ಅನ್ನಲಿ?"

ಆಮೇಲೆ ಒಂದು ಹಾಳೆ ಸುತ್ತು ಬಂತು. ನಾನು ನನ್ನ ಸ್ವಇಚ್ಛೆಯಿಂದ ಕೆಲಸಕ್ಕೆ ಬರುತ್ತಿದ್ದೇನೆ, ಏನಾದರೂ ಆದಲ್ಲಿ ಶಾಲೆ ಹೊಣೆಯಲ್ಲ ಎಂದು ಅದರಲ್ಲಿತ್ತು. ಕುರಿ ಕೇಳಿ ಮಸಾಲೆ ಅರೆಯುವ ಕಾಲ ಕೊನೆಗೂ ಬಂತಲ್ಲ ಎಂದು ಗಣಿತದ ಮೇಷ್ಟ್ರು ಸಹಿ ಹಾಕಿದರು. ಸಣ್ಣ ಟೀಚರೂ ಹಾಕಿದಳು. ಒಂದೇ ಪೆನ್ನು ಹನ್ನೊಂದು ಕೈ ದಾಟಿತ್ತು ಎಂಬುದು ಅದು ಡಬ್ಬಿಗೆ ಹೋದ ಮೇಲೆ ಅವಳಿಗೆ ಹೊಳೆದು, ಹೋಗಿ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು.

ಮನೆಯಲ್ಲಿ ಇಬ್ಬರೂ ಕೂತು ನಿಯಮ ಮಾಡಿದರು. ಸಣ್ಣ ಟೀಚರ್ ಹಿತ್ತಲಿನಿಂದ ಬರಬೇಕು, ಸ್ನಾನ ಮುಗಿಸಿ, ಉಟ್ಟ ಬಟ್ಟೆ ಸೋಪಿನ ನೀರಿಗೆ ಹಾಕಿ, ಆಮೇಲೆ ಒಳಗೆ ಕಾಲಿಡಬೇಕು. ಮುಂದಿನ ಕೋಣೆ ಅವಳದ್ದು, ಒಳಕೋಣೆ ಅತ್ತೆಯದ್ದು. ಊಟದ ತಟ್ಟೆಯನ್ನು ಒಳಕೋಣೆಯ ಮುಂದಿನ ಸ್ಟೂಲಿನ ಮೇಲಿಟ್ಟು ಅವಳು ಆರು ಹೆಜ್ಜೆ ಹಿಂದೆ ಸರಿದ ಮೇಲೆಯೇ ಅತ್ತೆ ಬಾಗಿಲು ತೆಗೆಯಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಇಷ್ಟು ದೂರ ಇಟ್ಟಿದ್ದರೆ ಊರೆಲ್ಲ ನನ್ನನ್ನು ಬೈಯುತ್ತಿತ್ತು ಎಂದು ಅತ್ತೆ ಒಳಗಿನಿಂದ ಹಾಸ್ಯ ಮಾಡಿದರು. ಸೊಸೆಗೆ ನಗು ಬರಲಿಲ್ಲ. ಹೆಜ್ಜೆ ಆರೋ ಏಳೋ ಎಂದು ಅವಳು ಮತ್ತೊಮ್ಮೆ ಅಳೆಯುತ್ತಿದ್ದಳು.

ಇಷ್ಟೆಲ್ಲ ಎಚ್ಚರದ ನಡುವೆ ಇಬ್ಬರೂ ಸೇರಿ ಒಂದು ಕೆಲಸ ಮಾಡಿದರು. ಅದು ತಪ್ಪು ಎಂದು ಇಬ್ಬರ ತಲೆಗೂ ಹೋಗಲಿಲ್ಲ, ಟೀಚರುಗಳಲ್ಲದ ಬೇರೆ ಯಾರಿಗಾದರೂ ಹೋಗುತ್ತಿತ್ತೇನೋ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಭಾನುವಾರ ಮಧ್ಯಾಹ್ನ ಸಣ್ಣ ಟೀಚರ್ ಒಂದು ದೊಡ್ಡ ರಟ್ಟು ಹಾಸಿಕೊಂಡು ಹಾಜರಿ ಚಾರ್ಟು ಬರೆದಳು.

ಈ ಚಾರ್ಟು ದೊಡ್ಡ ಟೀಚರ ಕಾಲದಿಂದ ಬಂದದ್ದು. ಮಗುವಿಗೊಂದು ಸಾಲು, ದಿನಕ್ಕೊಂದು ಚೌಕ, ಬಂದವರಿಗೆ ಹಳದಿ ಕಾಗದದ ಒಂದು ನಕ್ಷತ್ರ. ಮೂವತ್ತೆಂಟಕ್ಕೆ ಮೂವತ್ತೆಂಟೂ ಬಂದ ದಿನ ಚಾರ್ಟಿನ ತಲೆಯ ಮೇಲೆ ಒಂದು ದೊಡ್ಡ ಕೆಂಪು ನಕ್ಷತ್ರ. ಹತ್ತು ಕೆಂಪು ನಕ್ಷತ್ರ ಬಿದ್ದರೆ ತರಗತಿಯ ಮಕ್ಕಳೆಲ್ಲ ಸರದಿಯಂತೆ ಶಾಲೆ ಬಿಡುವ ಗಂಟೆ ಬಾರಿಸಬಹುದು. ಆ ಗಂಟೆಯ ಆಸೆಗೆ ಮಕ್ಕಳು ಬಿದ್ದು ಎದ್ದು ಬರುತ್ತಿದ್ದರು. ಒಂದು ವರ್ಷ ಬೀಗ ಹಾಕಿದ್ದ ಕೋಣೆ ಭಣಭಣ ಅನ್ನುತ್ತಿತ್ತು, ಮಕ್ಕಳು ಒಳಗೆ ಬಂದಾಗ ನೋಡುವುದಕ್ಕೆ ಏನಾದರೂ ಬೇಡವೇ ಎಂದು ಸಣ್ಣ ಟೀಚರಿಗೆ ಅನ್ನಿಸಿತ್ತು. ಅತ್ತೆ ಬಾಗಿಲಿನ ಸಂದಿಯಿಂದಲೇ, ಮೂಲೆ ಚೂಪಾಗಿ ಕತ್ತರಿಸು, ನಿನ್ನ ನಕ್ಷತ್ರ ಒಳ್ಳೆ ಸೌತೆಕಾಯಿ ಹಾಗಿದೆ ಎಂದು ತಿದ್ದುತ್ತಿದ್ದರು.

ಶಾಲೆ ತೆರೆಯಿತು. ಗೇಟಿನಲ್ಲಿ ಜವಾನ ಜ್ವರ ನೋಡುವ ಪಿಸ್ತೂಲನ್ನು ಒಬ್ಬೊಬ್ಬರ ಹಣೆಗೆ ಹಿಡಿದು ಒಳಗೆ ಬಿಡುತ್ತಿದ್ದ. ಮೊದಲ ದಿನ ಮೂವತ್ತೊಂದು ಮಕ್ಕಳು ಬಂದರು, ಮೂರನೇ ದಿನ ಮೂವತ್ತೆಂಟೂ. ಮೂರನೇ ತರಗತಿಯಲ್ಲಿ ಅರ್ಧ ಬೆಂಚು ಖಾಲಿ, ನಾಲ್ಕರಲ್ಲೂ ಅಷ್ಟೇ. ಎರಡನೇ ತರಗತಿಯಲ್ಲಿ ಮಾತ್ರ ದಿನಾ ಕೆಂಪು ನಕ್ಷತ್ರ. ಹೆಡ್ ಮೇಷ್ಟ್ರು ಬಾಗಿಲಲ್ಲಿ ನಿಂತು ಚಾರ್ಟು ನೋಡಿ, ಉಳಿದವರೂ ಇವರನ್ನು ನೋಡಿ ಕಲಿಯಬೇಕು ಎಂದು ಹೇಳಿ ಹೋದರು. ಭಯದ ನಡುವೆಯೂ ಸಣ್ಣ ಟೀಚರಿಗೆ ಹೆಮ್ಮೆ ಆಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಆಯಿತು.

ಆ ಹೆಮ್ಮೆಯನ್ನು ಯಾರಿಗೆ ಹೇಳಿಕೊಳ್ಳುವುದು? ಅತ್ತೆಗೆ. ಅತ್ತೆಯ ಕಿವಿ ಮಂದ, ಮುಖಗವಸಿನ ಒಳಗಿನ ಮಾತು ಮುಚ್ಚಿದ ಬಾಗಿಲಾಚೆ ಕೇಳುತ್ತಿರಲಿಲ್ಲ. ಮೊದಲು ಬಾಗಿಲು ನಾಲ್ಕು ಬೆರಳು ತೆರೆಯಿತು. ಆಮೇಲೆ ಅರ್ಧ. ಎರಡನೇ ವಾರಕ್ಕೆ ಅವಳು ಸ್ನಾನ ಮುಗಿಸಿ ಬಂದವಳು ಒಳಕೋಣೆಯ ಹೊಸ್ತಿಲಲ್ಲಿ ಕೂತು, ಗವಸನ್ನು ಗದ್ದಕ್ಕೆ ಇಳಿಸಿಕೊಂಡು, ಯಾರು ಏನು ಓದಿದರು, ಯಾರು ಯಾರ ಮೇಲೆ ದೂರು ಹೇಳಿದರು ಎಂದು ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ಮುದುಕಿಯ ಮುಖ ಅರಳುವುದನ್ನು ನೋಡಿ ಅವಳಿಗೆ ಆರು ಹೆಜ್ಜೆ ಮರೆತುಹೋಗುತ್ತಿತ್ತು. ನೆನಪಾದಾಗ ಥಟ್ಟನೆ ಎದ್ದು ಹಿಂದೆ ಸರಿಯುವಳು. ಮಾರನೆಯ ದಿನ ಮತ್ತೆ ಅಲ್ಲೇ ಕೂರುವಳು.

ಶಾಲೆ ತೆರೆದು ಎರಡು ವಾರ ಕಳೆದು ಮೂರನೆಯದು ಶುರುವಾಗಿತ್ತು, ಮಂಗಳವಾರ. ಶನಿವಾರ ಭಾನುವಾರದ ರಜೆ ಕಳೆದು ಹಿಂದಿನ ದಿನಕ್ಕೆ ಒಂಬತ್ತು ಕೆಂಪು ನಕ್ಷತ್ರ ಆಗಿದ್ದವು, ಇನ್ನೊಂದು ಬಿದ್ದರೆ ಗಂಟೆ. ಎರಡನೇ ಬೆಂಚಿನ ಹುಡುಗಿ ಅಂದು ಮಾತಾಡಲಿಲ್ಲ. ಅವಳನ್ನು ಶಾಲೆಯಲ್ಲಿ ಲಾಯರಮ್ಮ ಎನ್ನುತ್ತಿದ್ದರು, ಎರಡಕ್ಕೆ ಎರಡು ಸೇರಿದರೆ ನಾಲ್ಕು ಎಂದರೂ ಯಾಕೆ ಎಂದು ವಾದಕ್ಕೆ ನಿಲ್ಲುವ ಪೈಕಿ. ಅಂಥವಳು ಬೆಂಚಿನ ಮೇಲೆ ಕೆನ್ನೆ ಇಟ್ಟುಕೊಂಡು ಕೂತಿದ್ದಳು. ಕಣ್ಣು ಕೆಂಪಗಿತ್ತು. ಏನಾಯಿತು ಎಂದು ಕೇಳಿದರೆ ಏನಿಲ್ಲ ಎಂದು ತಲೆ ಆಡಿಸಿದಳು. ಸಣ್ಣ ಟೀಚರ್ ದೂರದ ನಿಯಮ ಮರೆತು ಹತ್ತಿರ ಹೋಗಿ, ಅಂಗೈ ಮಗುಚಿ ಅವಳ ಹಣೆಗಿಟ್ಟಳು.

ಕಾದ ಬಾಣಲೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಎಳೆದುಕೊಂಡದ್ದಷ್ಟೇ ಅಲ್ಲ, ಹಿಂದೆ ಹಿಂದೆ ಹೋಗಿ ಬೆನ್ನು ಕಪ್ಪು ಹಲಗೆಗೆ ತಗುಲುವವರೆಗೆ ನಿಲ್ಲಲಿಲ್ಲ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವಳು ಮಕ್ಕಳ ವಾಂತಿ ಬಳಿದಿದ್ದಳು, ಹೇನು ಹೆಕ್ಕಿದ್ದಳು, ಗಾಯದ ಕೀವು ಒರೆಸಿದ್ದಳು. ಒಂದು ಮಗುವಿಗೆ ಹೆದರಿ ಹಿಂದೆ ಸರಿದದ್ದು ಅದೇ ಮೊದಲು. ಮಗು ಅದನ್ನು ನೋಡಿತು. ಸಣ್ಣ ಟೀಚರಿಗೆ ನಾಚಿಕೆಯಿಂದ ಸಾಯುವ ಹಾಗಾಯಿತು, ಆದರೂ ಕಾಲು ಮುಂದಕ್ಕೆ ಬರಲಿಲ್ಲ.

"ಗೇಟಲ್ಲಿ ಗೊತ್ತಾಗಲ್ಲ ಟೀಚರ್," ಎಂದಳು ಲಾಯರಮ್ಮ, ಸಮಾಧಾನ ಹೇಳುವವಳ ಹಾಗೆ. "ಬರೋಕೆ ಮುಂಚೆ ಅಮ್ಮ ಮಾತ್ರೆ ಕೊಡ್ತಾಳೆ. ನಿನ್ನೇನೂ ಹಾಗೇ ಬಂದೆ. ಸ್ಟಾರ್ ಹಾಕಿ."

ಜ್ವರದ ಮಾತ್ರೆ. ನುಂಗಿದ ಅರ್ಧ ಗಂಟೆಗೆ ಹಣೆ ತಣ್ಣಗಾಗುತ್ತದೆ, ಜವಾನನ ಪಿಸ್ತೂಲು ಹಸಿರು ತೋರಿಸುತ್ತದೆ, ಹನ್ನೊಂದು ಗಂಟೆಗೆ ಮತ್ತೆ ಏರುತ್ತದೆ. ಮನೆಯಲ್ಲಿ ಅಪ್ಪ ಐದು ದಿನದಿಂದ ಕೆಮ್ಮುತ್ತ ಮಲಗಿದ್ದಾನೆ ಎಂಬುದನ್ನೂ ಮಗು ಹೇಳಿತು. ಮನೆಯಲ್ಲಿರು ಎಂದು ತಾಯಿ ಎಷ್ಟು ಹೇಳಿದರೂ, ನಾನು ತಪ್ಪಿಸಿದರೆ ಎಲ್ಲರ ಕೆಂಪು ಸ್ಟಾರೂ ಹೋಗುತ್ತದೆ, ಟೀಚರಿಗೆ ಬೇಜಾರಾಗುತ್ತದೆ ಎಂದು ತಾನೇ ಹಠ ಹಿಡಿದು ಅತ್ತಳಂತೆ.

ಸಣ್ಣ ಟೀಚರ್ ಮೂವತ್ತೆಂಟು ಮುಖಗಳನ್ನು ನೋಡಿದಳು, ಮೂಗಿನ ಕೆಳಗೆ ಜಾರಿದ ಗವಸುಗಳು, ಗೆರೆ ಹಾಕಿ ಕೂರಿಸಿದ್ದರೂ ಒತ್ತಿಕೊಂಡ ಮೊಣಕೈಗಳು. ಕೇಳಲೇಬೇಕಿತ್ತು, ಕೇಳಲು ಜೀವ ಒಪ್ಪಲಿಲ್ಲ. ಆದರೂ ಕೇಳಿದಳು.

"ಜ್ವರ ಇದ್ದೂ ಮಾತ್ರೆ ತಗೊಂಡು ಸ್ಕೂಲಿಗೆ ಬಂದೋರು ಇನ್ಯಾರು? ಕೈ ಎತ್ತಿ. ಯಾರಿಗೂ ಬೈಯಲ್ಲ."

ಯಾರೂ ಎತ್ತಲಿಲ್ಲ. ನಿಜ ಹೇಳಿದವರಿಗೆ ಒಂದು ಸ್ಟಾರ್ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಆಮೇಲೆ ಕಿಟಕಿಯ ಬಳಿ ಒಂದು ಕೈ ಎದ್ದಿತು. ಹಿಂದಿನ ಬೆಂಚಿನಲ್ಲಿ ಎರಡು. ಒಬ್ಬಳು ಎತ್ತಿ, ಪಕ್ಕದವಳನ್ನು ನೋಡಿ ಇಳಿಸಿ, ಮತ್ತೆ ಎತ್ತಿದಳು. ನನಗೆ ಜ್ವರ ಇರಲಿಲ್ಲ ಟೀಚರ್, ಬರೀ ವಾಸನೆ ಗೊತ್ತಾಗುತ್ತಿರಲಿಲ್ಲ, ಕೈ ಎತ್ತಲೋ ಬೇಡವೋ ಎಂದು ಇನ್ನೊಬ್ಬ ಕೇಳಿದ. ಒಟ್ಟು ಒಂಬತ್ತು ಕೈ. ಒಂಬತ್ತು ಮಕ್ಕಳು ಹತ್ತು ಹನ್ನೆರಡು ದಿನದಿಂದ ಅವಳ ಮುಂದೆ ಕೂತು, ಗಟ್ಟಿಯಾಗಿ ಓದಿ, ಅವಳ ಕೈಯಿಂದ ನಕ್ಷತ್ರ ಹಾಕಿಸಿಕೊಂಡಿದ್ದರು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು. ಕಿಟಕಿ, ನಲ್ಲಿ, ಆದೇಶ, ಮೇಲಿನವರು ಎಂದು ಅವಳು ಎಲ್ಲರನ್ನೂ ಬೈದಿದ್ದಳು, ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ಮಕ್ಕಳನ್ನು ಹಾಸಿಗೆಯಿಂದ ಎಬ್ಬಿಸಿ ಕರೆದು ತಂದದ್ದು ಆದೇಶವಲ್ಲ, ಅವಳ ಚಾರ್ಟು. ಅವಳು ಅದನ್ನು ಗೋಡೆಯಿಂದ ಕಿತ್ತು ನಾಲ್ಕು ಚೂರು ಮಾಡಿದಳು. ಗಂಟೆಗೆ ಇನ್ನೊಂದೇ ಬಾಕಿ ಇತ್ತಲ್ಲ, ಮಕ್ಕಳು ಗೊಳೋ ಎಂದು ಅಳತೊಡಗಿದರು. ಲಾಯರಮ್ಮ ಮಾತ್ರ ಅಳಲಿಲ್ಲ, ನಾನು ಹೇಳಬಾರದಿತ್ತಾ ಟೀಚರ್ ಎಂದು ಕೇಳಿದಳು. ಆಗ ಸಣ್ಣ ಟೀಚರ ಕಾಲು ಮುಂದಕ್ಕೆ ಬಂತು. ಆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋದಳು. ಮಗುವಿನ ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು, ಕೈ ಮಾತ್ರ ಸಡಿಲಿಸಲಿಲ್ಲ.

ಹೆಡ್ ಮೇಷ್ಟ್ರು ಬಂದರು, ಕೇಳಿದರು, ಬೆವರಿದರು. ತಂದೆ ತಾಯಿಯರಿಗೆ ಫೋನುಗಳು ಹೋದವು. ಮಧ್ಯಾಹ್ನದ ಹೊತ್ತಿಗೆ ಕೋಣೆ ಖಾಲಿಯಾಯಿತು. ಸಣ್ಣ ಟೀಚರ್ ಹಿಂದಿನ ಬೆಂಚಿನಲ್ಲಿ ಕೂತು ಒಂದು ತೀರ್ಮಾನ ಮಾಡಿದಳು. ಇನ್ನು ಮನೆಗೆ ಹೋಗುವುದಿಲ್ಲ. ಹದಿನೈದು ದಿನ ಇಲ್ಲೇ, ಇದೇ ಕೋಣೆಯಲ್ಲಿ, ಬೆಂಚು ಜೋಡಿಸಿ ಮಲಗುವುದು. ಗಣಿತದ ಮೇಷ್ಟ್ರ ಮನೆ ಪಕ್ಕದ ಬೀದಿ, ಅವರ ಹೆಂಡತಿ ಅತ್ತೆಗೆ ಊಟ ಸ್ಟೂಲಿನ ಮೇಲೆ ಇಟ್ಟು ಬರುತ್ತಾರೆ. ಅತ್ತೆಗೆ ಇಷ್ಟೊತ್ತಿಗೆ ಏನೂ ಆಗಿಲ್ಲ, ಆಗಿದ್ದರೆ ಹೇಳುತ್ತಿದ್ದರು. ದೇವರು ದೊಡ್ಡವನು, ಸರಿಯಾದ ಹೊತ್ತಿಗೆ ಗೊತ್ತಾಯಿತು ಎಂದುಕೊಂಡು ಮನೆಗೆ ಫೋನು ಮಾಡಿದಳು.

ಬಹಳ ಹೊತ್ತು ಬಾರಿಸಿದ ಮೇಲೆ ಅತ್ತೆ ಎತ್ತಿಕೊಂಡರು. ಇವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆ ಕಡೆಯಿಂದ ಬೈಗುಳವಿಲ್ಲ, ಕೊಂಕಿಲ್ಲ.

"ಒಳ್ಳೇದು ಮಾಡಿದೆ," ಎಂದರು ಅತ್ತೆ. "ಅಲ್ಲೇ... ಇರು. ನಾನು... ಇಲ್ಲಿ... ಚೆನ್ನಾಗಿದೀನಿ."

ಹತ್ತೊಂಬತ್ತು ವರ್ಷ ಮಕ್ಕಳ ಓದು ಕೇಳಿದ ಕಿವಿ ಅವಳದು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ, ನಿಲ್ಲಬಾರದ ಕಡೆ ನಿಂತು ಉಸಿರು ಎಳೆದುಕೊಳ್ಳುವುದು ಅವಳಿಗೆ ತಕ್ಷಣ ತಿಳಿಯುತ್ತದೆ. ಮೂವತ್ತಮೂರು ವರ್ಷ ಮಕ್ಕಳಿಗೆ ಓದು ಕಲಿಸಿದವರು ಹಾಗೆ ನಿಲ್ಲುವುದಿಲ್ಲ. ಅತ್ತೆ, ಎಷ್ಟು ದಿನ ಆಯ್ತು ಎಂದು ಕೇಳಿದಳು. ಫೋನು ಕಟ್ ಆಯಿತು.

ಅವಳು ಚಪ್ಪಲಿ ಹಾಕಿಕೊಂಡದ್ದು ಅವಳಿಗೆ ನೆನಪಿಲ್ಲ. ಬಿರುಬಿಸಿಲಿನಲ್ಲಿ ಓಡಿದಳು. ಅಂಗಡಿಯವನು ಏನಾಯಿತು ಟೀಚರ್ ಎಂದು ಕೂಗಿದ್ದು ಕಿವಿಗೆ ಬಿತ್ತು. ಹಿತ್ತಲಿಗೆ ಸುತ್ತಿ ಹೋಗಲಿಲ್ಲ, ಸ್ನಾನ ಮಾಡಲಿಲ್ಲ, ಮುಂಬಾಗಿಲಿನಿಂದಲೇ ನುಗ್ಗಿ ಒಳಕೋಣೆಯ ಬಾಗಿಲು ತಳ್ಳಿದಳು.

ಅತ್ತೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಆಡುವುದಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ದಿಂಬಿನ ಪಕ್ಕ ಜ್ವರದ ಮಾತ್ರೆಯ ಪಟ್ಟಿ, ಹತ್ತರಲ್ಲಿ ಒಂದು ಉಳಿದಿತ್ತು. ರಕ್ತದ ಆಕ್ಸಿಜನ್ ಅಳೆಯುವ ಪುಟ್ಟ ಯಂತ್ರವನ್ನು ಸೊಸೆ ಅವರ ಬೆರಳಿಗೆ ಸಿಕ್ಕಿಸಿದಳು. ಡಾಕ್ಟರು ತೊಂಬತ್ತಕ್ಕಿಂತ ಕೆಳಗೆ ಹೋದರೆ ಕಾಯಬೇಡಿ ಎಂದಿದ್ದರು. ಅದು ಎಂಬತ್ತೊಂದು ತೋರಿಸಿತು.

"ದೂರ ಹೋಗೇ," ಎಂದರು ಅತ್ತೆ.

"ಯಾಕೆ ಹೇಳಲಿಲ್ಲ? ದಿನಾ ಸಂಜೆ ನಿಮ್ಮ ಮುಂದೇನೇ ಕೂತಿದ್ದೆನಲ್ಲ ಅತ್ತೆ, ಯಾಕೆ ಹೇಳಲಿಲ್ಲ?"

"ಹೇಳಿದ್ರೆ... ನೀನು ರಜೆ ಹಾಕ್ತಿದ್ದೆ." ಅವರು ನಿಂತು ಉಸಿರು ಎಳೆದುಕೊಂಡರು. "ಮೂವತ್ತೆಂಟೂ... ಬರ್ತಿದಾರೆ ಅಂತಿದ್ದೆ. ಟೀಚರೇ ಇಲ್ಲ ಅಂದ್ರೆ... ಆ ಮಕ್ಕಳು..."

ಸಣ್ಣ ಟೀಚರಿಗೆ ಕೂಗಾಡಬೇಕು ಅನ್ನಿಸಿತು, ಅವರ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅವಳು ಎರಡನ್ನೂ ಮಾಡಲಿಲ್ಲ. ಮಂಚದ ಮೇಲೆ ಕೂತು, ಅತ್ತೆಯ ಬೆನ್ನಿಗೆ ತನ್ನ ಎದೆ ಕೊಟ್ಟು ಒಂದು ಕೈಯಲ್ಲಿ ನೇರವಾಗಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದಳು. ಮೂರನೇ ಸಲಕ್ಕೆ ಸಿಕ್ಕಿತು. ಆ ಕಡೆಯ ಹೆಂಗಸು ದಿನಕ್ಕೆ ನೂರು ಸಲ ಕೇಳಿ ಕೇಳಿ ಸವೆದ ದನಿಯಲ್ಲಿ, ವಿಳಾಸ ಬರೆದುಕೊಂಡು, ಒಂದೊಂದಾಗಿ ಪ್ರಶ್ನೆ ಕೇಳುತ್ತ ಬಂದಳು. ರೋಗಿಯ ವಯಸ್ಸು ಎಷ್ಟು, ಬೇರೆ ಕಾಯಿಲೆ ಏನಿದೆ, ಜ್ವರ ಎಷ್ಟು ದಿನದಿಂದ. ಅತ್ತೆ ನಾಲ್ಕು ಬೆರಳು ತೋರಿಸಿದರು. ರೋಗಿ ಎಲ್ಲಿಗಾದರೂ ಹೋಗಿದ್ದರೇ? ಇಲ್ಲ, ಒಂದು ವರ್ಷದಿಂದ ಬಾಗಿಲು ದಾಟಿಲ್ಲ.

"ಹಾಗಾದ್ರೆ ಹೊರಗಿಂದ ಮನೆಗೆ ಯಾರು ಬಂದು ಹೋಗ್ತಿದ್ರು?" ಎಂದು ಫೋನಿನ ಹೆಂಗಸು ಕೇಳಿದಳು.

ಫೋನು ಕಿವಿಯ ಪಕ್ಕದಲ್ಲೇ ಇದ್ದದ್ದರಿಂದ ಅತ್ತೆಯ ಮಂದ ಕಿವಿಗೂ ಆ ದನಿ ಬಿದ್ದಿತ್ತು. ಅವರು ತಲೆ ಹಿಂದಕ್ಕೆ ಹೊರಳಿಸಿ, ಯಾರೂ ಇಲ್ಲ ಅನ್ನು ಎಂಬಂತೆ ಕೈ ಆಡಿಸಿದರು. ಸಣ್ಣ ಟೀಚರ್ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ನಾನು," ಎಂದಳು. "ನಾನೊಬ್ಬಳೇ."

ಆ ಕಡೆಯ ಹೆಂಗಸಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಸಲ ಹೇಳಿ ಎಂದಳು.